ಮುನ್ನೂರ ಹನ್ನೆರಡು ಗುಡಾರಗಳು

ಸೇಬಿನ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದಾಗ ಅದರ ಎರಡು ಪೊರೆಗಳ ನಡುವೆ ಹುಳು ಮಿಸುಕಿದ್ದು ದುಸೆನ್‌ಗೆ ಕಂಡಿತು. ಕಂಡ ಕ್ಷಣವೇ ಬಾಯಿಗೆ ಕುರಿಯ ಕಿವಿಯ ರುಚಿ ಬಂತು. ಇಂದಿಗೆ ಇಪ್ಪತ್ತಾರು ದಿನ. ಏನು ತಿಂದರೂ, ಹಾಲು ಬೆರೆಸಿದ ಚಹ ಎಷ್ಟು ಬಟ್ಟಲು ಕುಡಿದರೂ, ಬೆಳಿಗ್ಗೆ ಹಲ್ಲುಜ್ಜಿದ ಮೇಲೂ ಅದೇ: ಬೆಂದು ಜಾರುವ ಚರ್ಮ, ಅದರೊಳಗೆ ಹಲ್ಲಿಗೆ ಕರುಮ್ ಎನ್ನುವ ಮೆತ್ತನೆಯ ಎಲುಬು. ಅವನು ಹುಲ್ಲಿಗೆ ಉಗಿದು, ಎಲೆಯನ್ನು ಮಗುಚಿ, ಕೆಳಮೈಯಲ್ಲಿ ಎದ್ದಿದ್ದ ಪುಟ್ಟ ಗುಡಾರವನ್ನು ಸೂಜಿಯಿಂದ ಸೀಳಿದ. ಹುಳುವಿನ ತಾಯಿ ಮೂರು ಮಿಲಿಮೀಟರಿನ ಪತಂಗ, ಹೊನ್ನಿನ ರೆಕ್ಕೆಗೆ ಬಿಳಿಯ ಗೆರೆ. ಅದು ಎಲೆಯ ಅಡಿಗೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಪೊರೆ ಕೊರೆದು ಒಳಗೆ ಹೊಕ್ಕು, ಹಸಿರನ್ನು ಮೇಯುತ್ತ, ಎಳೆ ನೂತು ಪೊರೆಯನ್ನು ಒಳಕ್ಕೆ ಜಗ್ಗುತ್ತದೆ. ಆಗ ಎಲೆ ಸುಕ್ಕಿ, ಬೇಸಿಗೆಯ ಹುಲ್ಲುಗಾವಲಿನಲ್ಲಿ ಹೂಡಿದ ಉಣ್ಣೆಯ ಗುಡಾರದ ಹಾಗೆ ಉಬ್ಬುತ್ತದೆ. ಗಾಳಿ ತಾಗದು, ಮಳೆ ತಾಗದು, ಮದ್ದೂ ತಾಗದು. ಒಳಗಿರುವವನಿಗೆ ಹೊರಗಿನ ಯಾರ ಹಂಗೂ ಇಲ್ಲ. ಆದರೆ ಈ ಗುಡಾರದಲ್ಲಿ ಒಬ್ಬನಲ್ಲ, ಇಬ್ಬರಿದ್ದರು. ಹುಳುವಿನ ಪಕ್ಕಕ್ಕೆ ಅಂಟಿಕೊಂಡು, ಅದನ್ನು ಹೀರುತ್ತ, ಕಡಜದ ಮರಿಯೊಂದು ಹಾಲಿನ ಹನಿಯ ಹಾಗೆ ಕೂತಿತ್ತು. ದುಸೆನ್ ಮುಂದಿನ ಗುಡಾರ ಸೀಳಿದ. ಅಲ್ಲೂ ಕಡಜ. ಹತ್ತು ಸೀಳಿದರೆ ಏಳರಲ್ಲಿ, ಎಂಟರಲ್ಲಿ ಕಡಜ. ಇನ್ನು ಮೂರು ನಾಲ್ಕು ದಿನ ಬಿಟ್ಟರೆ ಅವು ರೆಕ್ಕೆ ಬಿಚ್ಚಿ ಹೊರಬಂದು, ಉಳಿದ ಹುಳುಗಳನ್ನೂ ಹುಡುಕಿ ಚುಚ್ಚಿ ಮುಗಿಸುತ್ತವೆ. ಯಾರೂ ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಈ ತೋಟದ ಹುಳು ಎಣಿಸುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ, ಪ್ರತಿ ಜೂನ್‌ನಲ್ಲೂ ಅವನು ಈ ಮಾತನ್ನೇ ಹೇಳುತ್ತ ಬಂದಿದ್ದ.

ಇಪ್ಪತ್ತಾರು ದಿನದ ಹಿಂದೆ ತೋಟದ ನಿರ್ದೇಶಕರ ಮಗ ಸೈನ್ಯದಿಂದ ಬಂದದ್ದಕ್ಕೆ ಊಟ. ಮೇ ತಿಂಗಳ ಮಧ್ಯಾಹ್ನ, ಅಂಗಳದಲ್ಲಿ ಏಪ್ರಿಕಾಟ್ ಮರದ ಕೆಳಗೆ ಕಂಬಳಿ ಹಾಸಿ ನಲವತ್ತು ಜನ ಕೂತಿದ್ದರು. ಕುರಿಯ ತಲೆಯನ್ನು ಹರಿವಾಣದಲ್ಲಿಟ್ಟು ಮೂತಿಯನ್ನು ಕಾಲಿಬೆಕ್‌ನ ಕಡೆ ತಿರುಗಿಸಿದರು. ಮುಖ್ಯ ಕೃಷಿ ಅಧಿಕಾರಿ, ಊರಿಗೆಲ್ಲ ಓದಿದವನು, ತಲೆ ಅವನಿಗೆ ಬಿಟ್ಟು ಯಾರಿಗೆ? ಕಾಲಿಬೆಕ್ ಕೈ ತೊಳೆದು, ಚಾಕು ಹಿಡಿದು, ಕೆನ್ನೆಯ ಮಾಂಸ ನಿರ್ದೇಶಕರಿಗೆ, ಅಂಗುಳಿನದು ಸೊಸೆಯಂದಿರಿಗೆ ಎಂದು ಕತ್ತರಿಸಿ ಹಂಚಿದ. ಕಿವಿ ಮಕ್ಕಳಿಗೆ. ದೊಡ್ಡವರ ಮಾತು ಕೇಳಲಿ ಅಂತ. ಕಂಬಳಿಯ ತುದಿಯಲ್ಲಿ ಏಳೆಂಟು ಮಕ್ಕಳು ಕೈ ಚಾಚಿದ್ದವು. ಕಾಲಿಬೆಕ್ ಒಂದು ಕಿವಿ ಕೊಟ್ಟ. ಇನ್ನೊಂದನ್ನು ಕೊಯ್ದು, ಬೆರಳ ತುದಿಯಲ್ಲಿ ಹಿಡಿದು, ಮಕ್ಕಳ ತಲೆಯ ಮೇಲಿಂದ ದಾಟಿಸಿ ದುಸೆನ್‌ನ ಕಡೆಗೆ ಚಾಚಿದ. "ತಗೋ ದುಸೆನ್. ಪ್ರತಿ ವರ್ಷ ನನ್ ಹತ್ರ ವಾದ ಮಾಡ್ತೀಯಲ್ಲ, ಇನ್ಮೇಲಾದ್ರೂ ಕಿವಿ ಕೇಳಿಸ್ಲಿ." ನಲವತ್ತು ಜನ ನಕ್ಕರು. ಅದರಲ್ಲಿ ಕೆಟ್ಟ ನಗು ಒಂದೂ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು, ಕುದುರೆ ಹಾಲಿನ ಹುಳಿ ಹೊಟ್ಟೆಗಿಳಿದಿತ್ತು, ಜನ ನಗುವುದಕ್ಕೆ ಕಾಯುತ್ತಿದ್ದರು, ಅಷ್ಟೆ. ಕೈಯನ್ನು ಹಿಂದಕ್ಕೆಳೆದುಕೊಳ್ಳಬಹುದಿತ್ತು. ಪಕ್ಕದ ಮಗುವಿಗೆ ಕೊಟ್ಟು ತಾನೂ ಒಂದು ತಮಾಷೆ ಮಾಡಬಹುದಿತ್ತು. ಈ ಇಪ್ಪತ್ತಾರು ದಿನದಲ್ಲಿ ಅವನು ಅಂಥ ಮೂವತ್ತು ತಮಾಷೆಗಳನ್ನು ಕಟ್ಟಿದ್ದಾನೆ. ಆದರೆ ಆಗ, ನಲವತ್ತೇಳು ವರ್ಷದ ಗಂಡಸು, ಅವನು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ತಿಂದ. ಮನೆಗೆ ನಡೆದು ಬರುವಾಗ ಹೆಂಡತಿ ಬಾತಿಮಾ ಕಾಲುವೆಯ ದಂಡೆಯವರೆಗೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ನಿಂತು, ಚಪ್ಪಲಿಯೊಳಗಿನ ಕಲ್ಲು ಕೊಡವುತ್ತ, "ತಿಂದೇಬಿಟ್ರಲ್ಲ," ಎಂದಳು. ಮತ್ತೆ, "ಅಗಿಯೋದು ಹೆಂಗಸರ ಸಾಲಿಗೂ ಕಾಣ್ತಿತ್ತು."

ಬಾತಿಮಾಗೆ ಕೋಪ ಬರಲು ಬೇರೆ ಕಾರಣಗಳೂ ಇದ್ದವು. ಮದುವೆಯಾದ ಹೊಸದರಲ್ಲಿ ನಾಲ್ಕು ಚಳಿಗಾಲ ಅವಳ ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿಯ ಬದಲು ಎಲೆ ತುಂಬಿದ ಗಾಜಿನ ಜಾಡಿಗಳು ನಿಂತಿದ್ದವು. ಒಂದೊಂದರ ಬಾಯಿಗೂ ಅವಳದೇ ಹಳೆಯ ತಲೆವಸ್ತ್ರದ ತುಂಡು. ಯಾವ ಕಡಜ ಯಾವ ದಿನ ಹೊರಬಂತು, ಎಷ್ಟು ದಿನ ಬದುಕಿತು, ಎಷ್ಟು ಹುಳುವಿಗೆ ಚುಚ್ಚಿತು, ಮದ್ದಿನ ಗಾಳಿ ತಾಗಿದರೆ ಎಷ್ಟು ನಿಮಿಷಕ್ಕೆ ಸತ್ತಿತು, ಎಲ್ಲವನ್ನೂ ಅವನು ಆರು ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟ. ಕಾಲಿಬೆಕ್ ಅವನ ಜೊತೆ ಓದಿದವನೇ, ಒಂದೇ ಕೋಣೆಯಲ್ಲಿ ಒಂದೇ ಕೋಟನ್ನು ಸರದಿಯ ಮೇಲೆ ಹಾಕಿಕೊಂಡವನು. ಒಂದು ಸಲ ಓದಿ ಕೊಡ್ತೀನಿ ಎಂದು ನೋಟ್‌ಪುಸ್ತಕಗಳನ್ನು ಅಲ್ಮಾ-ಅತಾಗೆ ಒಯ್ದ. ಮರುವರ್ಷ ಅವು ಕಾಲಿಬೆಕ್‌ನ ಪ್ರಬಂಧವಾಗಿ, ಕಾಲಿಬೆಕ್‌ನ ಪದವಿಯಾಗಿ, ನೀಲಿ ರಟ್ಟು ಹಾಕಿಕೊಂಡು ಬಂದವು. ಕೊನೆಯ ಪುಟದಲ್ಲಿ ಎಲೆ ಕಿತ್ತು ಕೊಟ್ಟು ಸಹಕರಿಸಿದವರ ಸಾಲಿನಲ್ಲಿ ದುಸೆನ್‌ನ ಹೆಸರಿತ್ತು, ಒಂದಕ್ಷರ ತಪ್ಪಾಗಿ. ಈ ಕಡೆ ಗೌರವಸ್ಥರ ಹೆಸರನ್ನು ಯಾರೂ ಪೂರ್ತಿ ಕರೆಯುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಬಾಲಕ್ಕೊಂದು 'ಎಕೆ' ಸೇರಿಸುತ್ತಾರೆ. ಕಾಲಿಬೆಕ್ ಕಾಲೆಕೆ ಆದ. ದುಸೆನ್ ದುಸೆನ್ ಆಗಿಯೇ ಉಳಿದ. ಎಲೆ ಎಣಿಸುವವನು.

ಜೀಪಿನ ಸದ್ದು ಕೇಳಿದಾಗ ಅವನು ನೂರನೆಯ ಎಲೆ ಮುಗಿಸಿದ್ದ. ನೂರೆಲೆಗೆ ಮುನ್ನೂರ ಹನ್ನೆರಡು ಗುಡಾರ. ಕಾಲಿಬೆಕ್ ಇಳಿದು, ಟೋಪಿಯಿಂದ ಬೆವರು ಒರೆಸಿಕೊಳ್ಳುತ್ತ, ಬೂಟಿಗೆ ಕೆಸರು ತಾಗದ ಜಾಗ ನೋಡಿ ನಿಂತ.

"ಏನಯ್ಯ ದುಸೆನ್, ನಿನ್ನ ಹುಳುಗಳು ಏನಂತಾವೆ?"

"ಸಲಾಂ, ಕಾಲೆಕೆ."

"ಸೆಪ್ಟೆಂಬರ್ ಮೊದಲ ವಾರ ಮಾಸ್ಕೋದಿಂದ ಜನ ಬರ್ತಿದಾರೆ. ಈ ಹಳೇ ಆಪೋರ್ಟ್ ಮರಗಳನ್ನೇ ನೋಡ್ಬೇಕಂತೆ. ಮಗುವಿನ ತಲೆಯಷ್ಟು ದಪ್ಪ ಸೇಬು ಅಂತ ಯಾರೋ ಹೇಳಿದಾರೆ. ಒಂದೆಲೆ ಮೇಲೂ ಕಲೆ ಇರ್ಬಾರ್ದು. ಮದ್ದು ಹೊಡೆಸ್ತೀನಿ. ಶುರು ಮಾಡ್ಬೇಡ ಈಗ ನಿನ್ನ ಕಡಜದ ಪುರಾಣ."

ಪ್ರತಿ ವರ್ಷ ಇಲ್ಲಿಂದಲೇ ಶುರುವಾಗುತ್ತಿತ್ತು. ಅವನು ವಾದಿಸುತ್ತಿದ್ದ, ಗುಡಾರ ಸೀಳಿ ತೋರಿಸುತ್ತಿದ್ದ, ಕಾಲಿಬೆಕ್ ಕಣ್ಣು ಕಿರಿದು ಮಾಡಿ ಏನೂ ಕಾಣದೆ ಕಂಡವನ ಹಾಗೆ ತಲೆದೂಗಿ, ಗೊಣಗಿ, ಕೊನೆಗೆ ಒಪ್ಪುತ್ತಿದ್ದ. ಆಮೇಲೆ ಶರತ್ಕಾಲದಲ್ಲಿ ಬೆಳೆ ಚೆನ್ನಾದಾಗ ಮದ್ದು ಉಳಿಸಿದ್ದಕ್ಕೆ ಹೊಗಳಿಕೆಯನ್ನೂ ಅವನೇ ಪಡೆಯುತ್ತಿದ್ದ. ದುಸೆನ್‌ಗೆ ಆಗ ಹೊಳೆಯಿತು, ಬಹಳ ಸರಳವಾಗಿ ಹೊಳೆಯಿತು: ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. ಕಡಜದ ಮೇಲೆ ಪದವಿ ಪಡೆದವನು ತನ್ನ ಹೆಸರಿರುವ ಪುಸ್ತಕವನ್ನು ಒಮ್ಮೆಯೂ ಓದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿದೆ, ಜೂನ್ ನಡುವಿನಲ್ಲಿ ಮದ್ದು ಬಿದ್ದರೆ ಹುಳು ಗುಡಾರದೊಳಗೆ ಸುಖವಾಗಿರುತ್ತದೆ, ಹೊರಬರುವ ಕಡಜಗಳೆಲ್ಲ ಸಾಯುತ್ತವೆ, ಪತಂಗದ ಮೂರನೆಯ ಪೀಳಿಗೆಯನ್ನು ತಡೆಯುವವರು ಯಾರೂ ಉಳಿಯುವುದಿಲ್ಲ.

"ನೀವು ಹೇಳೋದೇ ಸರಿ, ಕಾಲೆಕೆ," ಎಂದ ದುಸೆನ್. "ಹೊಡೆಸ್ಬಿಡಿ."

ಕಾಲಿಬೆಕ್ ಟೋಪಿ ಹಾಕಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿದ. "ಏನಂದೆ?"

"ನೂರೆಲೆಗೆ ಮುನ್ನೂರ ಹನ್ನೆರಡು ಇದೆ. ತುಂಬಾ ಆಯ್ತು."

"ಅಷ್ಟೊಂದಾ!" ಕಾಲಿಬೆಕ್‌ನ ಮುಖದಲ್ಲಿ ನಿಜವಾದ ಗಾಬರಿ, ಅದರ ಹಿಂದೆಯೇ ನಿಜವಾದ ಪ್ರೀತಿ ಬಂತು. ಅವನು ಹತ್ತಿರ ಬಂದು ದುಸೆನ್‌ನ ಭುಜ ತಟ್ಟಿದ. "ನೋಡಿದ್ಯಾ? ಜಗಳವಿಲ್ಲ, ತಂಟೆಯಿಲ್ಲ. ಎಷ್ಟು ಹಗುರ ಇದು. ಎಣಿಕೆ ಹಾಳೆ ಸಂಜೆಯೊಳಗೆ ಕಳಿಸು."

ಹಾಳೆಯಲ್ಲಿ ಅವನು ಸುಳ್ಳು ಬರೆಯಲಿಲ್ಲ. ಮುನ್ನೂರ ಹನ್ನೆರಡು ಎಂದು ಬರೆದ, ಅದು ನಿಜ. ಅದರ ಪಕ್ಕದ ಅಂಕಣ, ಕಡಜ ಹಿಡಿದವು ಎಷ್ಟು ಎನ್ನುವುದು, ಅದನ್ನು ಖಾಲಿ ಬಿಟ್ಟ. ಖಾಲಿ ಜಾಗ ಸುಳ್ಳಲ್ಲ. ಇನ್ನೂರ ಮೂವತ್ತು ಎಂದು ಬರೆಯಲು ಬೆರಳು ತಾನಾಗಿ ಇಳಿಯಿತು, ಹತ್ತೊಂಬತ್ತು ವರ್ಷದ ಅಭ್ಯಾಸ. ಅವನು ಬೆರಳನ್ನು ಬೇರೆ ಯಾರದೋ ಎಂಬಂತೆ ಹಿಡಿದೆತ್ತಿ, ಕೆಳಗೆ ಸಹಿ ಹಾಕಿದ. ಸಹಿ ಯಾವತ್ತಿಗಿಂತ ಚೆಂದ ಬಂತು.

ಹಳೆಯ ಮರಗಳ ತಂಡದ ಮುಖ್ಯಸ್ಥೆ ಪಾತಿಗುಲ್ ಕಾಲುವೆಯ ಬಳಿ ಕೆಟಲಿಟ್ಟು ಕೂತಿದ್ದಳು. ಐವತ್ತಮೂರರ ಉಯ್ಗುರ್ ಹೆಂಗಸು, ದುಸೆನ್‌ಗೆ 'ಆಪಾ', ಅಂದರೆ ಅಕ್ಕ. ಗಂಡ ತೀರಿಹೋಗಿ ಹನ್ನೊಂದು ವರ್ಷ, ಈ ಮರಗಳ ಜೊತೆ ಇಪ್ಪತ್ತೊಂಬತ್ತು. ಜಾಡಿಗಳ ಕಾಲದಲ್ಲಿ ಹಿಮ ಬೀಳುವ ಮೊದಲು ಅವನಿಗಾಗಿ ಏಪ್ರನ್ನಿನ ತುಂಬ ಎಲೆ ಆಯ್ದು ತಂದು ಕೊಡುತ್ತಿದ್ದವಳು ಅವಳೊಬ್ಬಳೇ. ತಂದು, ಹೊಸ್ತಿಲಲ್ಲೇ ನಿಂತು, "ಇದ್ರಲ್ಲಿ ಎಷ್ಟು ಮಕ್ಕಳು ಹುಟ್ತಾವೆ?" ಎಂದು ಕೇಳುತ್ತಿದ್ದಳು. ಉಪ್ಪು ಹಾಕಿದ ಚಹದ ಬಟ್ಟಲನ್ನು ಈಗ ಅವನ ಕೈಗಿಟ್ಟಳು.

"ಜೀಪು ಬಂದಿತ್ತಲ್ಲ. ಏನಂತೆ ದೊಡ್ಡ ಮನುಷ್ಯರಿಗೆ?"

"ಮದ್ದು ಹೊಡೀಬೇಕಂತೆ, ಆಪಾ."

"ಪ್ರತಿ ವರ್ಷದ ರಾಗ. ನೀನು ಏನಂದೆ?"

ಅವನು ಚಹ ಕುಡಿದ. ಅದರಲ್ಲೂ ಕಿವಿ. "ಈ ಸಲ ಹೊಡೀಲೇಬೇಕು."

ಅವಳು ತಲೆಗೆ ಕಟ್ಟಿದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು, ಗುಡಾರದೊಳಗಿನದು ಈಗ ಅವಳಿಗೆ ಕಾಣುತ್ತಿರಲಿಲ್ಲ. "ನಿನ್ನ ಮಕ್ಕಳು, ಆ ಕಡಜಗಳು, ಇಲ್ವಾ?"

"ಕಡಮೆ ಇವೆ. ಚಳಿ ಜಾಸ್ತಿ ಆಯ್ತಲ್ಲ. ಸತ್ತಿವೆ."

"ಅಯ್ಯೋ ಪಾಪ," ಎಂದಳು ಪಾತಿಗುಲ್. ನಿಜವಾಗಿ ಮರುಗಿ ಹಾಗೆಂದಳು. ಆಮೇಲೆ ಎದ್ದು ಹೆಂಗಸರನ್ನು ಕೂಗಿದಳು. "ನೀನು ಹೇಳಿದ್ಮೇಲೆ ಮುಗೀತು. ಏ ಹುಡುಗೀರಾ, ನಾಳೆ ಮೂಗಿಗೆ ಬಟ್ಟೆ ತಗೊಂಡು ಬನ್ರೇ, ಕಾಲೆಕೆ ನಮಗೆ ಸೆಂಟು ಹೊಡೆಸ್ತಾರಂತೆ!"

ಮೂರು ದಿನ ಹೊಡೆದರು. ಸಮತಟ್ಟು ಇದ್ದಲ್ಲಿ ಟ್ರ್ಯಾಕ್ಟರು, ಇಳಿಜಾರಿನಲ್ಲಿ ಹೆಂಗಸರ ಕೈಯಲ್ಲಿ ಉದ್ದನೆಯ ರಬ್ಬರು ಕೊಳವೆ. ಪಾತಿಗುಲ್ ಮದ್ದನ್ನು ಬೇರೆಯವರ ಕೈಗೆ ಬಿಡಲಿಲ್ಲ. ಡಬ್ಬಿಯ ಮೇಲಿದ್ದಷ್ಟೇ ಸೌಟು, ಎಣಿಸಿ ಎಣಿಸಿ, ಪ್ರತಿ ಸೌಟಿಗೂ ಪೀಪಾಯಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ನಾಲ್ಕನೆಯ ಬೆಳಿಗ್ಗೆ ದುಸೆನ್ ಹೋಗಿ ಒಂದು ಮರದ ಕೆಳಗೆ ಬಿಳಿ ಕಾಗದ ಹಾಸಿ, ಕೊಂಬೆ ಕುಲುಕಿದ. ಬಿದ್ದವು. ಎಳ್ಳಿಗಿಂತ ಸಣ್ಣವು, ಭೂತಗನ್ನಡಿಯಡಿಯಲ್ಲಿ ಹಿತ್ತಾಳೆ ಹಸಿರಿನಲ್ಲಿ ಹೊಳೆಯುವವು, ಕಾಲು ಮಡಚಿಕೊಂಡು ಸತ್ತವು. ನಾಲ್ಕು ಚಳಿಗಾಲ ಅವನು ಸಕ್ಕರೆ ನೀರು ಕುಡಿಸಿ ಸಾಕಿದವುಗಳ ಕುಲ. ತನಗೆ ಹೆದರಿಕೆಯಾಗುತ್ತದೆ ಎಂದು ಅವನು ಕಾದ. ಆಗಲಿಲ್ಲ. ಉಗುಳು ನುಂಗಿದ, ಅದರಲ್ಲಿ ಕಿವಿಯ ರುಚಿ ಇರಲಿಲ್ಲ. ನಾಲಿಗೆ ಶುದ್ಧವಾಗಿತ್ತು. ಅವನು ಕಾಗದವನ್ನು ಮಡಚಿ ಕಾಲುವೆಗೆ ಕೊಡವಿ ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದ.

ಜುಲೈ ಅವನ ಜೀವನದ ಅತ್ಯಂತ ಸುಖದ ತಿಂಗಳು. ಬೆಳಗಿನ ತಂಪಿನಲ್ಲಿ ಕೊಂಬೆ ತಟ್ಟಿದರೆ ಪತಂಗಗಳು ಹೊಟ್ಟಿನ ಹಾಗೆ ಏಳುತ್ತಿದ್ದವು, ಹೊನ್ನಿನ ಹೊಟ್ಟು, ಬಿಸಿಲಿನಲ್ಲಿ ಒಂದು ಕ್ಷಣ ನಿಂತು ಮತ್ತೆ ಎಲೆಗಳ ಅಡಿಗೆ ಸೇರಿಕೊಳ್ಳುತ್ತಿದ್ದವು. ಅವನು ದಿನವೂ ಹೋದ. ಎಣಿಸುವುದಕ್ಕಲ್ಲ, ಎಣಿಸುವುದನ್ನು ಬಿಟ್ಟಿದ್ದ. ಸುಮ್ಮನೆ ನಿಂತು ನೋಡುತ್ತಿದ್ದ. ಇಷ್ಟು ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುವಂಥದು, ಬಾಯಿಯೂ ಸರಿಯಾಗಿಲ್ಲದ್ದು, ಇದು ಕಾಲಿಬೆಕ್‌ನ ಮನೆ ಮುರಿಯುತ್ತದೆ. ಅವನು ಆ ದಿನವನ್ನು ಕಟ್ಟಿ ಕಟ್ಟಿ ನೋಡಿದ: ಮಾಸ್ಕೋದವರು ಕಪ್ಪು ಕಾರಿನಿಂದ ಇಳಿಯುತ್ತಾರೆ, ಮರಗಳು ಬೋಳು, ಯಾರೋ ಒಬ್ಬರು, ಅವರಲ್ಲಿ ಒಬ್ಬರಾದರೂ ಓದಿದವರಿರುತ್ತಾರೆ, ನೀಲಿ ರಟ್ಟಿನ ಪುಸ್ತಕ ತೆಗೆದು, ನಾಲ್ಕನೆಯ ಅಧ್ಯಾಯ ತೆರೆದು, ಇದನ್ನು ಬರೆದವರು ನೀವೇ ಅಲ್ಲವೆ ಎಂದು ಕೇಳುತ್ತಾರೆ. ಕಾಲಿಬೆಕ್ ಬಾಯಿ ತೆರೆಯುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ದುಸೆನ್ ಚಿತ್ರವನ್ನು ನಿಲ್ಲಿಸಿ ಆ ತೆರೆದ ಬಾಯನ್ನು ಬಹಳ ಹೊತ್ತು ನೋಡುತ್ತಿದ್ದ. "ನೀವು ಈಚೆಗೆ ಗುನುಗ್ತಿರ್ತೀರಿ," ಎಂದಳು ಬಾತಿಮಾ ಒಂದು ದಿನ, ಹಿಟ್ಟು ನಾದುತ್ತ. "ಏನು ವಿಶೇಷ?" ಏನೂ ಇಲ್ಲ ಎಂದ. "ನನಗೆ ನೀವು ಗುನುಗದಿದ್ದಾಗಲೇ ವಾಸಿ ಇತ್ತು," ಎಂದಳು.

ಆಗಸ್ಟ್ ಎರಡನೆಯ ವಾರಕ್ಕೆ ಬೆಟ್ಟದ ಕಡೆಯ ಸಾಲುಗಳು ಕಂದಿದವು. ಒಂದೊಂದು ಎಲೆಗೆ ಹತ್ತು ಹನ್ನೆರಡು ಗುಡಾರ, ಎಲೆಯೇ ದೋಣಿಯ ಹಾಗೆ ಮುದುಡಿ, ಒಣಗಿ, ಗಾಳಿಯಿಲ್ಲದೆಯೂ ಉದುರತೊಡಗಿತು. ನೆರಳು ತಪ್ಪಿದ ಸೇಬುಗಳ ಕೆನ್ನೆ ಬಿಸಿಲಿಗೆ ಬೆಂದು ಕಂದುಗಟ್ಟಿತು. ಬಣ್ಣ ತಿರುಗುವ ಮೊದಲೇ, ಬೀಜ ಕಪ್ಪಾಗುವ ಮೊದಲೇ, ದೊಡ್ಡ ದೊಡ್ಡ ಕಾಯಿಗಳು ಧೊಪ್ ಧೊಪ್ ಎಂದು ಹುಲ್ಲಿಗೆ ಬಿದ್ದವು. ತೋಟದ ತುಂಬ ಹುಳಿ ವಾಸನೆ. ಹೆಂಗಸರು ಹಂದಿ ಸಾಕುವವರಿಗೆಂದು ಬಿದ್ದದ್ದನ್ನು ಚೀಲಕ್ಕೆ ತುಂಬಿದರು. ಪಾತಿಗುಲ್ ಅವನ ತೋಳು ಹಿಡಿದು ಮರದಿಂದ ಮರಕ್ಕೆ ಎಳೆದುಕೊಂಡು ಹೋದಳು. "ಇದನ್ನ ನೋಡು. ಇದನ್ನ ನೋಡೋ. ಏನಾದ್ರೂ ಮಾಡೋಕಾಗುತ್ತಾ? ನೀರು ಹೆಚ್ಚಿಗೆ ಬಿಡ್ಲಾ? ರಾತ್ರಿ ಹಗಲು ಬಿಡ್ತೀನಿ." ತಡವಾಯ್ತು ಆಪಾ, ಎಂದ. ಅವಳ ಹಿಡಿತದ ಬೆರಳುಗಳು ಅವನ ತೋಳಿನ ಮೇಲೆ ಕೆಂಪಗೆ ಮೂಡಿದ್ದವು. ಮನೆಗೆ ಬಂದು ಅಂಗಿ ಕಳಚಿದಾಗ ನೋಡಿದ. ಮಾರನೆಯ ದಿನದಿಂದ ಅವನು ಮೇಲಿನ ದಾರಿಯಲ್ಲಿ ಸುತ್ತಿ ಹೋಗತೊಡಗಿದ, ಅವಳು ಸಿಗದ ಹಾಗೆ. ಇನ್ನೂ ಒಂದು ವಿಷಯ ಅವನನ್ನು ಕೊರೆಯುತ್ತಿತ್ತು. ಇದನ್ನೆಲ್ಲ ನೋಡಬೇಕಾದವನು ಊರಿನಲ್ಲೇ ಇರಲಿಲ್ಲ. ಕಾಲಿಬೆಕ್ ಬೆನ್ನುನೋವಿಗೆಂದು ಇಸಿಕ್-ಕುಲ್ ಸರೋವರದ ದಡದ ಆರೋಗ್ಯಧಾಮಕ್ಕೆ ಹೋಗಿದ್ದ. ಮಣ್ಣಿನ ಲೇಪ ಹಚ್ಚಿಸಿಕೊಂಡು ಮೂವತ್ತು ದಿನ ಮಲಗಿದ್ದ. ದುಸೆನ್‌ನ ಸೇಡು ದಿನವೂ ಹಣ್ಣಾಗಿ ದಿನವೂ ಉದುರುತ್ತಿತ್ತು, ಬಂದು ನೋಡುವವರಿಲ್ಲದೆ.

ಕಾಲಿಬೆಕ್ ಬಂದ, ಮೈಕೈ ತುಂಬಿಕೊಂಡು, ಬಿಸಿಲಿಗೆ ಕೆಂಪಾಗಿ. ಮಾಸ್ಕೋದವರೂ ಬಂದರು. ಅವರನ್ನು ಕೆಳಗಿನ ರಸ್ತೆಯಿಂದ ಎಳೆಯ ಮರಗಳ ತೋಟಕ್ಕೆ ಕರೆದುಕೊಂಡು ಹೋದರು, ಕುರಿ ಕೊಯ್ದರು, ತಲೆಗೆ ಟೋಪಿ, ಮೈಗೆ ಕಸೂತಿಯ ನಿಲುವಂಗಿ ತೊಡಿಸಿದರು. ಹಳೆಯ ಮರಗಳನ್ನು ನೋಡಬೇಕಿತ್ತಲ್ಲ ಎಂದು ಒಬ್ಬರು ಕೇಳಿದರಂತೆ, ಸಂಜೆಯಾಯಿತು ಎಂದರಂತೆ. ಅಷ್ಟೇ. ಯಾರೂ ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಆದರೆ ಬೆಳೆ ಹೋದದ್ದು ಹೋಗಿತ್ತು, ಅದಕ್ಕೊಂದು ಹೆಸರು ಬೇಕಿತ್ತು. ಹತ್ತು ದಿನದ ಮೇಲೆ, ಬೆಳಿಗ್ಗೆ, ತೋಟದ ಸಭಾಂಗಣದಲ್ಲಿ ಎಲ್ಲರನ್ನೂ ಕೂಡಿಸಿದರು. ಕಾಲಿಬೆಕ್ ಎದ್ದು ನಿಂತು, ದನಿಯೇರಿಸದೆ, ದುಃಖದಿಂದಲೇ ಎಂಬಂತೆ ಹೇಳಿದ: ಮದ್ದು ಸರಿಯಾದದ್ದೇ, ಸಮಯವೂ ಸರಿಯಾದದ್ದೇ, ಆದರೆ ಹುಳು ಸಾಯಲಿಲ್ಲ. ಅಂದರೆ ಮದ್ದಿಗೆ ನೀರು ಹೆಚ್ಚು ಬಿದ್ದಿದೆ. ಉಳಿಸಿದ ಡಬ್ಬಿಗಳು ಎಲ್ಲಿಗೆ ಹೋದವೋ ನಾನು ಹೇಳಲಾರೆ. ಬೆರೆಸಿದವರು ಪಾತಿಗುಲ್‌ಳ ತಂಡ.

ಪಾತಿಗುಲ್ ಎರಡನೆಯ ಸಾಲಿನಲ್ಲಿದ್ದಳು. ಎದ್ದಳು. "ಒಂದೊಂದು ಸೌಟಿಗೂ ಗೆರೆ ಹಾಕಿದೀನಿ," ಎಂದಳು. "ಪೀಪಾಯಿ ತರಿಸಿ ನೋಡಿ." ಪೀಪಾಯಿ ಜುಲೈ ಮಳೆಗೆ ತೊಳೆದುಹೋಗಿ ಹೊರಗೇ ಬಿದ್ದಿತ್ತು, ಎಲ್ಲರಿಗೂ ಗೊತ್ತಿತ್ತು. "ಇಪ್ಪತ್ತೊಂಬತ್ತು ವರ್ಷ," ಎಂದಳು. ಆಮೇಲೆ ಕೂತಳು. ಕೂರುವಾಗ ಬೆಂಚು ಸಿಗದೆ ಕೈಯಿಂದ ತಡಕಾಡಿದಳು. ಆ ಕೈಯನ್ನು ದುಸೆನ್ ನೋಡಿದ. ತಾನು ಏಳುತ್ತಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಎದ್ದ ಮೇಲೆ.

"ನೀರು ಬಿದ್ದಿಲ್ಲ," ಎಂದ. "ಮದ್ದು ಸರಿಯಾಗಿಯೇ ಇತ್ತು. ಅದಕ್ಕೇ ಕಡಜ ಸತ್ತವು. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಕಡಜ ಇದ್ದವು, ನನಗೆ ಗೊತ್ತಿತ್ತು. ಹೊಡೆದ್ರೆ ಹೀಗಾಗುತ್ತೆ ಅಂತಾನೂ ಗೊತ್ತಿತ್ತು. ಆದ್ರೂ ಹೊಡೀರಿ ಅಂದೆ. ಬೇಕಂತಲೇ ಅಂದೆ. ಕಾಲಿಬೆಕ್ ಹಾಳಾಗ್ಲಿ ಅಂತ ಅಂದೆ."

ಎಲ್ಲರೂ ಅವನ ಕಡೆ ತಿರುಗಿದರು. ನಗದೆ ಇಷ್ಟು ಜನ ಅವನನ್ನು ಯಾವತ್ತೂ ನೋಡಿರಲಿಲ್ಲ. ಅವರ ನಡುವೆ ಅವನು ನೆಟ್ಟಗೆ ನಿಂತ. ಕೊನೆಗೂ ಇದು ತನ್ನದು, ತಾನೇ ಮಾಡಿದ್ದು, ಇದರ ಮೇಲೆ ತನ್ನ ಹೆಸರು. ಆಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಯಾರು, ದುಸೆನ್ನಾ?" ಎಂದಿತು ಇನ್ನೊಂದು ದನಿ. "ನಾಯಿ ಬೊಗಳಿದ್ರೆ ದಾರಿ ಬಿಡೋ ಮನುಷ್ಯ." ನಗು ಬೆಂಚಿನಿಂದ ಬೆಂಚಿಗೆ ಹರಡಿತು. ಕಾಲಿಬೆಕ್ ನಗಲಿಲ್ಲ. ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ನಗಬೇಡಿ," ಎಂದ. "ಒಬ್ಬ ವಿಧವೆಯನ್ನ ಉಳಿಸೋಕೆ ತನ್ನ ಮೇಲೆ ತಪ್ಪು ಹೊತ್ಕೋತಿದಾನೆ. ನಮ್ಮಲ್ಲಿ ಎಷ್ಟು ಜನಕ್ಕಿದೆ ಈ ಮನಸ್ಸು?" ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. "ಕೂತ್ಕೊಳಪ್ಪ ದುಸೆನ್. ನೀನು ಒಳ್ಳೆಯವನು, ಅದು ನಮಗೆಲ್ಲ ಗೊತ್ತು. ಕೂತ್ಕೋ." ಅವನು ಇನ್ನೂ ಏನೋ ಹೇಳಲು ಹೋದ, ನನ್ನ ಹಾಳೆ ನೋಡಿ, ಎಂದ, ಖಾಲಿ ಬಿಟ್ಟಿದೀನಿ ನೋಡಿ. ಅಷ್ಟರಲ್ಲಿ ಪಕ್ಕದವನು ಪ್ರೀತಿಯಿಂದ ಅವನ ಅಂಗಿಯ ತುದಿ ಹಿಡಿದು ಕೆಳಗೆಳೆದ.

ಪಾತಿಗುಲ್‌ಳನ್ನು ತಂಡದ ಮುಖ್ಯಸ್ಥೆಯ ಕೆಲಸದಿಂದ ಇಳಿಸಿ ದಿನಗೂಲಿಗೆ ಹಾಕಿದರು. ನಿವೃತ್ತಿಗೆ ಎರಡು ವರ್ಷ ಇತ್ತು.

ಹೊರಗೆ ಮೆಟ್ಟಿಲಿನ ಮೇಲೆ ಕಾಲಿಬೆಕ್ ಸಿಗರೇಟು ಹಚ್ಚಿಕೊಂಡು ಜನ ಚದುರುವವರೆಗೆ ನಿಂತಿದ್ದ. ದುಸೆನ್ ದಾಟಿಹೋಗುವಾಗ, ಅತ್ತ ತಿರುಗದೆಯೇ, "ಹಾಳೆ ತೆಗೆಸಿ ನೋಡಿದೆ, ಸರೋವರದಿಂದ ಬಂದ ದಿನಾನೇ," ಎಂದ. "ಹತ್ತೊಂಬತ್ತು ವರ್ಷದಲ್ಲಿ ನೀನು ಒಂದು ಅಂಕಣ ಖಾಲಿ ಬಿಟ್ಟವನಲ್ಲ."

"ಹಾಗಿದ್ರೆ ಒಳಗೆ ಯಾಕೆ..."

"ಯಾಕೆ ಅಂದ್ರೆ? ಕಡಜದ ಮೇಲೆ ಪದವಿ ತಗೊಂಡವನಿಗೆ ಕಡಜ ಗೊತ್ತಿರ್ಲಿಲ್ಲ ಅಂತ ಬರೆಸ್ಕೊಳ್ಲಾ?" ಹೊಗೆ ಬಿಟ್ಟ. ದನಿಯಲ್ಲಿ ಕೋಪವಿರಲಿಲ್ಲ, ಒಂದು ಕೋಟನ್ನು ಹಂಚಿಕೊಂಡ ದಿನಗಳ ಸಲಿಗೆ ಇತ್ತು. "ಬುದ್ಧಿವಂತ ನೀನು. ಯಾವಾಗ್ಲೂ ನನಗಿಂತ ಬುದ್ಧಿವಂತ. ಆ ಹಾಳೆ ಈಗ ಇಲ್ಲ. ಮನೆಗೆ ಹೋಗು, ಬಾತಿಮಾ ಕಾಯ್ತಿರ್ತಾಳೆ."

ಅಕ್ಟೋಬರ್‌ನಲ್ಲಿ ಕಾಲಿಬೆಕ್‌ಗೆ ಅಲ್ಮಾ-ಅತಾದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಲಾರಿಗೆ ಸಾಮಾನು ಹೇರುವಾಗ ಊರಿನವರೆಲ್ಲ ಕೈ ಹಾಕಿದರು. ದುಸೆನ್ ಹೋಗಲಿಲ್ಲ, ಬಾತಿಮಾ ಹೋಗಿ, ರೊಟ್ಟಿಯ ಗಂಟು ಕೊಟ್ಟು ಬಂದಳು. ಬೆಟ್ಟದ ತುದಿಗೆ ಆಗಲೇ ಹಿಮ ಬಿದ್ದಿತ್ತು. ಹಳೆಯ ತೋಟದಲ್ಲಿ ಎಲೆ ಗುಡಿಸುವ ಕೆಲಸ ಶುರುವಾಗಿತ್ತು. ಆ ವರ್ಷ ಅದು ಬೇರೆ ವರ್ಷಗಳ ಕೆಲಸವಲ್ಲ. ಉದುರಿದ ಒಂದೊಂದು ಎಲೆಯಲ್ಲೂ ಪತಂಗದ ಕೋಶಗಳು ಮಲಗಿದ್ದವು, ಹಿಮದಡಿಯಲ್ಲಿ ಚಳಿಗಾಲ ಕಳೆದು ಏಪ್ರಿಲ್‌ನಲ್ಲಿ ಏಳುವುದಕ್ಕೆ. ಹಿಮ ಇಳಿಯುವ ಮೊದಲು ಹನ್ನೆರಡು ಹೆಕ್ಟೇರನ್ನೂ ಹಲ್ಲಿನ ಕೈಕುಂಟೆಯಿಂದ ಗೋರಿ, ಗುಂಡಿಗೆ ತುಂಬಿ, ಮಣ್ಣು ಮುಚ್ಚಬೇಕು. ಆರು ಹೆಂಗಸರಿದ್ದರು. ದುಸೆನ್ ಮನೆಯ ಹಿತ್ತಲಿಂದ ತನ್ನದೇ ಕುಂಟೆ ಹೆಗಲ ಮೇಲಿಟ್ಟುಕೊಂಡು ಬಂದು, ಯಾರನ್ನೂ ನೋಡದೆ, ಬೆಟ್ಟದ ಕಡೆಯ ಮೊದಲ ಸಾಲಿನಲ್ಲಿ ಎಲೆ ಗೋರಲು ಶುರು ಮಾಡಿದ. ಚೆನ್ನಾಗಿ ಗೋರಿದ. ಬುಡದ ಹುಲ್ಲಿನೊಳಗೆ ಕೈ ಹಾಕಿ ಅಂಟಿದ್ದನ್ನೂ ಕಿತ್ತ. ಬೆನ್ನು ನೋಯತೊಡಗಿದಾಗ ಅವನಿಗೆ ಹಿತವಾಯಿತು. ಇನ್ನಷ್ಟು ನೋಯಲಿ ಎಂದು ಬಗ್ಗಿದ. ಹೀಗೆ ಹನ್ನೆರಡು ಹೆಕ್ಟೇರ್ ಮುಗಿದರೆ ಏನೋ ಒಂದು ಮುಗಿಯುತ್ತದೆ ಎನ್ನಿಸಿತು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಅವನ ಕುಂಟೆಯ ಹಲ್ಲುಗಳ ಮೇಲೆ ಒಂದು ರಬ್ಬರು ಬೂಟು ಬಂದು ನಿಂತಿತು.

"ಕೊಡು ಇಲ್ಲಿ," ಎಂದಳು ಪಾತಿಗುಲ್.

"ಆಪಾ, ನಾನು ಆವತ್ತು ಸಭೇಲಿ ಹೇಳಿದ್ದು ನಿಜ. ಯಾರೂ ನಂಬ್ಲಿಲ್ಲ. ನೀವಾದ್ರೂ..."

"ನಂಬಿದೀನಿ. ನೀನು ಹೇಳೋಕೆ ಮುಂಚೆನೇ ಗೊತ್ತಾಗಿತ್ತು. ಆಗಸ್ಟಲ್ಲಿ ನೀನು ಮೇಲಿನ ದಾರೀಲಿ ಸುತ್ತಿ ಹೋಗ್ತಿದ್ದೆಯಲ್ಲ, ಕಣ್ಣು ಮಂಜಾದ್ರೂ ಅಷ್ಟು ಕಾಣುತ್ತೆ ನನಗೆ." ಅವಳು ಕುಂಟೆಯ ಹಿಡಿಯನ್ನು ಹಿಡಿದಳು. "ಕಾಲಿಬೆಕ್ ಮೇಲೆ ಹಗೆ ಇತ್ತು ನಿನಗೆ. ಇರ್ಲಿ. ಅವನಿಗೆ ಒಂದೆಲೆ ಉದುರ್ಲಿಲ್ಲ ಕಣೋ. ಉದುರಿದ್ದೆಲ್ಲ ಇಲ್ಲಿದೆ."

"ಅದಕ್ಕೇ ಬಂದೆ. ಗೋರೋಕೆ ಬಿಡಿ. ಕೂಲಿ ಬೇಡ ನನಗೆ. ಹಿಮ ಬೀಳೋವರೆಗೂ ದಿನಾ ಬರ್ತೀನಿ."

ಅವಳು ಅವನ ಮುಖವನ್ನು ಹುಡುಕುವ ಹಾಗೆ ಬಹಳ ಹತ್ತಿರ ಬಂದು ನೋಡಿದಳು. ಉಸಿರಿನಲ್ಲಿ ಉಪ್ಪು ಚಹದ ವಾಸನೆಯಿತ್ತು. "ಅವತ್ತು ಎಲ್ಲರೂ ನಿನ್ನ ಒಳ್ಳೆಯವನು ಅಂದ್ರು," ಎಂದಳು. "ಸಾಲದ್ದಕ್ಕೆ ಇದೂ ಬೇಕಾ? ಗೋರಿ ಗೋರಿ ಮೈ ಬೆವರಿಸ್ಕೊಂಡು ಮನೆಗೆ ಹೋಗಿ ನಿದ್ದೆ ಮಾಡ್ಬೇಕಾ? ನೀನು ಒಳ್ಳೆಯವನಾಗೋಕೆ ನನ್ನ ತೋಟ ಕೊಡಲ್ಲ. ಕೊಡು ಕುಂಟೆ."

ಅವಳು ಎಳೆದಳು. ಅವನು ಬಿಟ್ಟ. ಅವಳು ಅದನ್ನು ಕುಂಟೆಯಿಲ್ಲದೆ ಕೈಯಲ್ಲೇ ಎಲೆ ಬಾಚುತ್ತಿದ್ದ ಹೆಂಗಸೊಬ್ಬಳಿಗೆ ಕೊಟ್ಟು, ತನ್ನದನ್ನು ಹಿಡಿದು, ಅವನು ಬಿಟ್ಟಲ್ಲಿಂದ ಮುಂದುವರಿದಳು. ದುಸೆನ್‌ಗೆ ಹೋಗಬೇಕೆಂದು ಗೊತ್ತಿತ್ತು, ಯಾವ ಕಡೆಗೆಂದು ಗೊತ್ತಾಗಲಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದೂ ಗೊತ್ತಾಗದೆ ಎರಡು ಮರಗಳ ನಡುವೆ ನಿಂತ. ಹೆಂಗಸರು ಆ ಕಡೆಯಿಂದ ಗೋರಿಕೊಂಡು ಬಂದರು, ಸೊಸೆಯಂದಿರ ಮಾತು, ಹಲ್ಲುನೋವಿನ ಮಾತು ಆಡಿಕೊಳ್ಳುತ್ತ, ಮರವನ್ನು ಬಳಸಿ ಹೋಗುವ ಹಾಗೆ ಅವನನ್ನು ಬಳಸಿಕೊಂಡು ಮುಂದೆ ಹೋದರು. ಪಾತಿಗುಲ್ ಕೊನೆಯಲ್ಲಿ ಬಂದಳು. ಅವನ ಬೂಟುಗಳ ಕೆಳಗೆ ಐದಾರು ಎಲೆ ಸಿಕ್ಕಿಕೊಂಡಿದ್ದವು. ಅವಳು ಕುಂಟೆಯ ತುದಿಯಿಂದ ಬೂಟನ್ನು ತಟ್ಟಿದಳು.

"ಕಾಲೆತ್ತು."

ಅವನು ಒಂದು ಕಾಲೆತ್ತಿದ. ಅವಳು ಗೋರಿದಳು. ಆಮೇಲೆ ಇನ್ನೊಂದು ಕಾಲೆತ್ತಿದ.